ಲೆಕ್ಕದಲ್ಲಿ ಬಿಟ್ಟುಹೋದ ಬಾಬ್ತು

‘ಕೆರೆಗೆ ಹಾರ’ ಕೇಳಿ ಭಾಗೀರಥಿಗಾಗಿ ಕಣ್ಣು ಒದ್ದೆ ಮಾಡಿಕೊಂಡವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರು. ಅದೇ ಹಾಡನ್ನು ಒಮ್ಮೆ ಕಾಮಗಾರಿಯ ಕಡತ ಓದುವ ಹಾಗೆ ಓದಿ ನೋಡಬೇಕು. ಏನು ನಷ್ಟವಾಗಿತ್ತು, ಮಾತುಕತೆಯಲ್ಲಿ ಯಾರಿದ್ದರು, ಯಾರಿರಲಿಲ್ಲ, ಯಾವ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ ಎಂದು ಸಾಲು ಸಾಲಾಗಿ ಗುರುತು ಹಾಕುತ್ತ ಹೋಗಬೇಕು. ಲಾಭಕ್ಕಾಗಿ ಮನುಷ್ಯರ ಜೀವ ಹೋಗುವುದು ಯಾವ ದಾರಿಯಲ್ಲಿ ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದ ಕೃತಿ ನನ್ನ ಓದಿನಲ್ಲಿ ಇನ್ನೊಂದಿಲ್ಲ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ್ದಾನೆ, ನೀರು ಬಂದಿಲ್ಲ. ಕಟ್ಟಿದ ಕೆರೆಗೆ ನೀರು ಬಾರದಿರಲು ಕಾರಣಗಳು ಹಳ್ಳಿಯವರಿಗೆ ಗೊತ್ತಿಲ್ಲದ್ದೇನಲ್ಲ. ಮೇಲಿನಿಂದ ನೀರು ಇಳಿದುಬರುವ ಪ್ರದೇಶ ಸಣ್ಣದಿರಬಹುದು, ನೀರು ತರುವ ಕಾಲುವೆ ಹೂಳು ತುಂಬಿರಬಹುದು, ಕೆರೆಯಂಗಳ ಮರಳಾಗಿದ್ದು ಜೇಡಿ ಬಡಿಯದೆ ಬಿಟ್ಟಿರಬಹುದು. ಹಾಡಿನಲ್ಲಿ ಈ ಒಂದು ಪ್ರಶ್ನೆಯೂ ಏಳುವುದಿಲ್ಲ. ನೇರ ಶಾಸ್ತ್ರದ ಹೊತ್ತಿಗೆ ತೆಗೆಸುತ್ತಾರೆ. ಹೊತ್ತಿಗೆ ಹೇಳುವುದು ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕೆಂದು. ಮೊದಲು ಬರುವ ಹೆಸರು ಹಿರಿಸೊಸೆಯದು. ಅವಳನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರು ಯಾರು ಎಂಬ ಮಾತು ಕೂಡಲೇ ಏಳುತ್ತದೆ. ಹೆಸರು ಸರಿದು ಕಿರಿಸೊಸೆ ಭಾಗೀರಥಿಯ ಮೇಲೆ ನಿಲ್ಲುತ್ತದೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಊರಲ್ಲಿಲ್ಲ. ಹಿರಿಸೊಸೆಯ ದುಡಿಮೆಗೆ ಮನೆಯಲ್ಲಿ ಬೆಲೆಯಿದೆ, ಭಾಗೀರಥಿಯ ಪರವಾಗಿ ಬಾಯಿ ತೆರೆಯುವವನು ಹತ್ತಿರದಲ್ಲಿಲ್ಲ. ಆಯ್ಕೆ ನಡೆದದ್ದು ಇಷ್ಟರ ಮೇಲೆ. ಪಾಪ, ಪುಣ್ಯ, ಜಾತಕ ಯಾವುದೂ ಇದರಲ್ಲಿ ಬರಲಿಲ್ಲ.

ಭಾಗೀರಥಿ ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ಕೇಳಿದರೆ, ಅತ್ತೆಮಾವ ನನ್ನನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲ ಮನೆಯ ಮಾತಾಡುತ್ತಾನೆ, ಅವ್ವ ಒಡವೆಯ ಮಾತಾಡುತ್ತಾಳೆ. ಕೊಟ್ಟು ಸರಿಪಡಿಸಬಹುದಾದ ಕಷ್ಟ ಮಾತ್ರ ಅವರಿಗೆ ಕಾಣುವುದು. ನಿಜ ಹೇಳುವುದು ಗೆಳತಿಯೊಬ್ಬಳಿಗೇ. ಗೆಳತಿ ತಡೆಯುವುದಿಲ್ಲ, ಇಟ್ಟ ಹಾಗೆ ಇರಬೇಕು ಎಂಬ ಅರ್ಥದ ಮಾತು ಹೇಳಿ ಕಳಿಸುತ್ತಾಳೆ. ಗೌಡನ ಕ್ರೌರ್ಯಕ್ಕಿಂತ ಗೆಳತಿಯ ಆ ಒಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಊರೆಲ್ಲ ಒಪ್ಪಿದ್ದಾಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನು ಬಲಿ ಕೊಡುವ ರೀತಿ. ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡುತ್ತಾರೆ, ಉಣ್ಣುತ್ತಾರೆ, ತಿರುಗಿ ಹೊರಡುತ್ತಾರೆ. ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿಯಿತು ಎಂಬ ನೆವ ಹುಟ್ಟುತ್ತದೆ. ಅದನ್ನು ತರಲು ಭಾಗೀರಥಿಯನ್ನು ಕಳಿಸುತ್ತಾರೆ. ಅವಳು ಮೆಟ್ಟಿಲು ಏರಿದಂತೆ ನೀರೂ ಏರುತ್ತದೆ. ಯಾರ ಕೈಯೂ ಅವಳ ಮೈಗೆ ತಾಗಲಿಲ್ಲ. ನಾಳೆ ಯಾರಾದರೂ ಕೇಳಿದರೆ ಹೇಳಲು ಉತ್ತರ ಸಿದ್ಧವಿದೆ: ಬಟ್ಟಲು ತರಲು ಹೋಗಿದ್ದಳು. ಮಾದೇವರಾಯ ಮರಳಿ ಬಂದಾಗಲೂ ಮನೆಯವರು ನಿಜ ಹೇಳುವುದಿಲ್ಲ, ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಅವನು ಊರೂರು ಅಲೆದು ಗೆಳತಿಯ ಬಾಯಿಂದ ತಿಳಿಯುತ್ತಾನೆ. ಕೆರೆಯ ದಂಡೆಯಲ್ಲಿ ಅವನು ಅಳುವಾಗ ವರಹದ ಲೆಕ್ಕ ಬರುತ್ತದೆ. ಇಷ್ಟು ವರಹ ಕೊಟ್ಟರೂ ಇಂಥ ಹೆಂಡತಿ ಸಿಗಲಾರಳು ಎನ್ನುತ್ತಾನೆ. ಆಮೇಲೆ ಅದೇ ಕೆರೆಗೆ ಹಾರುತ್ತಾನೆ. ಮನೆಯವರು ಒಂದು ಜೀವದ ಲೆಕ್ಕ ಹಾಕಿದ್ದರು, ಹೋದದ್ದು ಎರಡು.

ಈ ಹಾಡನ್ನು ಪಾಠ ಮಾಡುವವರು ಒಂದು ಕಡೆ ತಪ್ಪುತ್ತಾರೆ. ‘ಲೋಕಹಿತಕ್ಕಾಗಿ ತ್ಯಾಗ’ ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗುತ್ತಾರೆ. ತ್ಯಾಗ ಎನ್ನಬೇಕಾದರೆ ಬಿಡುವವರು ತಾವಾಗಿ ಬಿಡಬೇಕು. ಭಾಗೀರಥಿಯನ್ನು ಯಾರೂ ಕೇಳಲಿಲ್ಲ. ಮಕ್ಕಳ ಮುಂದೆ ಹಾಡನ್ನು ಪೂರ್ತಿ ಓದಿ, ‘ನಿರ್ಧಾರ ಮಾಡಿದವರು’, ‘ಗೊತ್ತಿದ್ದೂ ಸುಮ್ಮನಿದ್ದವರು’, ‘ಗೊತ್ತಿಲ್ಲದವರು’ ಎಂದು ಮೂರು ಗೆರೆ ಎಳೆದು ಪಾತ್ರಗಳನ್ನು ತುಂಬಿಸಿ. ನಡುವಿನ ಗೆರೆಯೇ ಎಲ್ಲಕ್ಕಿಂತ ಉದ್ದವಾಗುತ್ತದೆ.

ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ ‘ಎ ಮಾಡೆಸ್ಟ್ ಪ್ರಪೋಸಲ್’ ಎಂಬ ವಿಡಂಬನೆ ಇದೇ ಲೆಕ್ಕವನ್ನು ಬಟ್ಟೆ ಬಿಚ್ಚಿ ನಿಲ್ಲಿಸಿತು. ಐರ್ಲೆಂಡಿನ ಬಡವರ ಮಕ್ಕಳನ್ನು ಒಂದು ವರ್ಷ ಸಾಕಿ ಶ್ರೀಮಂತರ ಊಟಕ್ಕೆ ಮಾರಿದರೆ ದೇಶದ ಬಡತನ ತೀರುತ್ತದೆ ಎಂದು ಅದರಲ್ಲಿ ಒಬ್ಬ ಸಭ್ಯ ಯೋಜನಾಕಾರ ಸಲಹೆ ಕೊಡುತ್ತಾನೆ. ವರ್ಷಕ್ಕೆ 1,20,000 ಮಕ್ಕಳು ಹುಟ್ಟುತ್ತವೆ, 20,000 ಮಕ್ಕಳನ್ನು ಸಂತಾನಕ್ಕೆ ಇಟ್ಟುಕೊಳ್ಳೋಣ, ಉಳಿದ 1,00,000 ಮಾರಾಟಕ್ಕೆ. ಸಾಕುವ ಖರ್ಚು ಚಿಂದಿಬಟ್ಟೆ ಸೇರಿ ಎರಡು ಶಿಲ್ಲಿಂಗ್, ಬೆಲೆ ಹತ್ತು ಶಿಲ್ಲಿಂಗ್, ತಾಯಿಗೆ ನಿವ್ವಳ ಎಂಟು. ಕೂಡಿಸುವುದು ಕಳೆಯುವುದು ಎಲ್ಲೂ ತಪ್ಪಿಲ್ಲ. ಓದುವವನ ಹೊಟ್ಟೆ ತೊಳಸುವುದು ಅದು ತಪ್ಪಿಲ್ಲದ್ದಕ್ಕೇ. ಲೆಕ್ಕದ ಶುದ್ಧಿ ಮತ್ತು ಲೆಕ್ಕ ಹಾಕಿದವನ ಬುದ್ಧಿಯ ಶುದ್ಧಿ ಎರಡೂ ಒಂದೇ ಎಂದು ನಂಬುವವರಿಗೆ ಈ ಕೆಲವು ಪುಟ ಓದಿಸಬೇಕು.

ಸ್ವಿಫ್ಟ್ ತೋರಿಸಿದ್ದು ಕಣ್ಣಿಗೆ ರಾಚುವ ಕ್ರೌರ್ಯ. ನಿಜಜೀವನದಲ್ಲಿ ಇಷ್ಟು ಬಿಡಿಸಿ ಯಾರೂ ಬರೆಯುವುದಿಲ್ಲ. ಅಲ್ಲಿ ನಡೆಯುವುದು ಎಮಿಲ್ ಜೋಲಾ 1885ರ ‘ಜೆರ್ಮಿನಾಲ್’ ಕಾದಂಬರಿಯಲ್ಲಿ ಹೇಳಿದ ಹಾಗೆ. ಬರೆಯುವ ಮುಂಚೆ ಜೋಲಾ 1884ರಲ್ಲಿ ಉತ್ತರ ಫ್ರಾನ್ಸಿನ ಆಂಜಾನ್ ಗಣಿಗಳಿಗೆ ಹೋಗಿ, ಮುಷ್ಕರ ನಡೆಯುತ್ತಿದ್ದ ಹೊತ್ತಿನಲ್ಲೇ ಗಣಿಗೆ ಇಳಿದು ನೋಡಿದ್ದರು. ಆ ನೋಡಿದ ಗುರುತು ಪುಟಪುಟದಲ್ಲೂ ಇದೆ.

ಕಾದಂಬರಿಯ ನಡುಗಂಬ ಎಂದು ನಾನು ತಿಳಿದಿರುವುದು ಒಂದು ದರಪಟ್ಟಿ. ಕಲ್ಲಿದ್ದಲು ಕಡಿಯುವವರಿಗೆ ಕೂಲಿ ಬಂಡಿಯ ಲೆಕ್ಕದಲ್ಲಿ, ಒಂದು ಬಂಡಿಗೆ 50 ಸಾಂಟೀಮ್, ಅಂದರೆ ಅರ್ಧ ಫ್ರಾಂಕ್. ತಲೆಯ ಮೇಲಿನ ಕಲ್ಲು ಕುಸಿಯದಂತೆ ಮರದ ಕಂಬ ಕೊಡುವುದೂ ಅವರದೇ ಕೆಲಸ. ಆ ಕೆಲಸಕ್ಕೆ ಬೇರೆ ದುಡ್ಡಿಲ್ಲ, ಬಂಡಿಯ ದರದಲ್ಲೇ ಸೇರಿದೆ. ಕಂಬ ನಿಲ್ಲಿಸುತ್ತ ಕೂತರೆ ಬಂಡಿ ತುಂಬುವುದಿಲ್ಲ, ಬಂಡಿ ತುಂಬದಿದ್ದರೆ ಮನೆಯಲ್ಲಿ ರೊಟ್ಟಿಯಿಲ್ಲ. ಹಾಗಾಗಿ ಕಂಬ ಕಡಿಮೆಯಾಗುತ್ತದೆ. ಇಂಜಿನಿಯರ್ ನೆಗ್ರೆಲ್ ಬಂದು ನೋಡಿ, ನೀವೇ ಜಜ್ಜಿಹೋಗುತ್ತೀರಿ ಎಂದು ಬೈದು ದಂಡ ಹಾಕುತ್ತಾನೆ. ಸರಿಯಾದ ಕೂಲಿ ಸಿಕ್ಕಿದರೆ ಸರಿಯಾಗಿಯೇ ಕಂಬ ಕೊಡುತ್ತೇವೆ ಎಂದು ಕಲ್ಲಿದ್ದಲು ಕಡಿಯುವ ಮಯೂ ಹೇಳುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ.

ಆಮೇಲೆ ಕಂಪನಿ ಒಂದು ನೋಟೀಸು ಅಂಟಿಸುತ್ತದೆ. ಕಾರ್ಮಿಕರ ಸುರಕ್ಷತೆಗಾಗಿ ಇನ್ನು ಮುಂದೆ ಕಂಬದ ಕೆಲಸಕ್ಕೆ ಪ್ರತ್ಯೇಕ ದುಡ್ಡು, ಬಂಡಿಯ ದರ ಮಾತ್ರ 50ರಿಂದ 40ಕ್ಕೆ. ಕೇಳಲು ನ್ಯಾಯವಾಗಿದೆ. ಗಣಿಯವರು ಕೂತು ಲೆಕ್ಕ ಹಾಕುತ್ತಾರೆ. ಎಷ್ಟೇ ಚೆನ್ನಾಗಿ ಕಂಬ ಕೊಟ್ಟರೂ ಅದರಿಂದ ಬಂಡಿಗೆ ಎಂಟು ಸಾಂಟೀಮಿಗಿಂತ ಹೆಚ್ಚು ಹುಟ್ಟುವುದಿಲ್ಲ, ಹೋಗುವುದು ಹತ್ತು. ಸುರಕ್ಷತೆಯ ಹೆಸರಿನಲ್ಲಿ ಕಂಪನಿ ಬಂಡಿಗೆ ಎರಡು ಸಾಂಟೀಮ್ ಕೂಲಿ ಇಳಿಸಿದೆ. ಮುಷ್ಕರ ಹೊತ್ತಿಕೊಳ್ಳುವುದು ಈ ಎರಡು ಸಾಂಟೀಮಿಗೆ. ಅದಕ್ಕೂ ಮುಂಚೆಯೇ ಕಲ್ಲು ಕುಸಿದು ಒಬ್ಬ ಸಾಯುತ್ತಾನೆ, ಮಯೂನ ಹನ್ನೊಂದರ ಆಸುಪಾಸಿನ ಮಗ ಜಾನ್ಲಾನ್ ಕಾಲು ಮುರಿದುಕೊಂಡು ಕುಂಟನಾಗುತ್ತಾನೆ.

ಅದೇ ಗಣಿಯಲ್ಲಿ ಬೊನ್‌ಮೋರ್ ಎಂಬ ಮುದುಕ 58 ವರ್ಷದವನು, ಎದೆಯಿಂದ ಕಪ್ಪು ಕಫ ಕೆಮ್ಮುತ್ತ ಕೆಲಸಕ್ಕೆ ಬರುತ್ತಾನೆ. ಇವತ್ತು ಬಿಟ್ಟರೆ ವರ್ಷಕ್ಕೆ 150 ಫ್ರಾಂಕ್ ಪಿಂಚಣಿ, 60 ತುಂಬಿದ ಮೇಲೆ ಬಿಟ್ಟರೆ 180. ಮೂವತ್ತು ಫ್ರಾಂಕಿಗಾಗಿ ಎರಡು ವರ್ಷ ದಾಟಬೇಕು. ಆ ಕಡೆ ಗ್ರೆಗೊಆರ್ ಕುಟುಂಬದ ಮುತ್ತಜ್ಜ ಹತ್ತು ಸಾವಿರ ಫ್ರಾಂಕಿಗೆ ಕೊಂಡ ಪಾಲು ಈಗ ವರ್ಷಕ್ಕೆ ನಲವತ್ತು ಸಾವಿರ ಕೊಡುತ್ತಿದೆ. ಅವರು ಕೆಟ್ಟವರಲ್ಲ, ಬಡ ಮಕ್ಕಳಿಗೆ ಬೆಚ್ಚನೆ ಬಟ್ಟೆ ಕೊಡುವ ಮಂದಿ. ಗಣಿಗೆ ಎಂದೂ ಇಳಿದವರಲ್ಲ, ಅಷ್ಟೇ. ಜೋಲಾ ಈ ಕುಟುಂಬದವರನ್ನು ಖಳರನ್ನಾಗಿ ಮಾಡಲಿಲ್ಲ. ಅದಕ್ಕಾಗಿ ನನಗೆ ಜೋಲಾರ ಮೇಲೆ ಗೌರವ. ಎರಡು ಸಾಂಟೀಮ್ ಕದಿಯಲು ಖಳರು ಬೇಕಾಗಿಲ್ಲ, ಕಂಬದ ಹೊತ್ತಿಗೆ ದರ ಕಟ್ಟದೆ ಬಿಟ್ಟರೆ ಸಾಕು.

ಈಗ ನಮ್ಮ ಕರಾವಳಿಯ ಗುಡ್ಡಕ್ಕೆ ಬರೋಣ. ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಒಂದು ಕಡೆ ಗುಡ್ಡ, ಒಂದು ಕಡೆ ಹೊಳೆ ಅಥವಾ ಸಮುದ್ರದ ನಡುವೆ ಹಾಯುತ್ತದೆ. ಗುಡ್ಡದ ನೆತ್ತಿಯಲ್ಲಿ ಚಿರೇಕಲ್ಲು, ಕೆಳಗೆ ಬಿಳಿ-ಗುಲಾಬಿ ಬಣ್ಣದ ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿ ಬಂಡೆ ಇರುವುದು ಇಲ್ಲಿ ಹಲವು ಕಡೆ ಕಾಣುವ ರಚನೆ. ಚಿರೇಕಲ್ಲಿನ ತೂತುಗಳಲ್ಲಿ ಮಳೆನೀರು ಸರಾಗ ಇಳಿಯುತ್ತದೆ, ಶೇಡಿಯ ಮೇಲೆ ಬಂದು ನಿಲ್ಲುತ್ತದೆ. ಶೇಡಿ ಒಣಗಿದ್ದಾಗ ಗಟ್ಟಿ, ನೆನೆದಾಗ ಬೆಣ್ಣೆ. ಗುಡ್ಡದ ಬುಡ ಕಡಿದಿದ್ದರೆ ಆ ಭಾರವನ್ನು ಎದುರಿಗೆ ತಡೆಯುವುದು ಏನೂ ಇಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಮೇಲಿನದೆಲ್ಲ ಒಟ್ಟಿಗೆ ಜಾರುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ರಸ್ತೆ ಅಗಲಿಸಲು ಕಡಿದಿದ್ದ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿ ಹೊಳೆಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ವಿಶ್ರಾಂತಿಗೆ ನಿಂತ ಲಾರಿಗಳು ಹೋದವು. ಹೊಳೆಯ ಆಚೆ ದಡದ ಉಳುವರೆ ಎಂಬ ಊರಿಗೂ ನೀರು ನುಗ್ಗಿ ಮನೆಗಳು ಬಿದ್ದವು. ಹೊಳೆಯ ತಳದಲ್ಲಿ ಹುಡುಕಾಟ ಸೆಪ್ಟೆಂಬರ್‌ವರೆಗೆ ನಡೆಯಿತು.

ಕಡಿದ ಗುಡ್ಡ ನಿಲ್ಲಬೇಕಾದರೆ ಏನು ಬೇಕು ಎಂಬುದು ಗುಟ್ಟಲ್ಲ. ಗೋಡೆಯಂತೆ ನೆಟ್ಟಗೆ ಕಡಿಯಬಾರದು, ಇಳಿಜಾರು ಕೊಟ್ಟು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ನೆತ್ತಿಯಲ್ಲಿ, ಕಡಿದ ಅಂಚಿಗಿಂತ ಹಿಂದೆ, ತಳಕ್ಕೆ ಕಾಂಕ್ರೀಟು ಹಾಕಿದ ಚರಂಡಿ ಮಾಡಿ ಮೇಲಿನ ನೀರನ್ನು ಬದಿಗೆ ತಿರುಗಿಸಬೇಕು. ಪ್ರತಿ ಮೆಟ್ಟಿಲಿಗೂ ಒಂದು ಚರಂಡಿ. ತಡೆಗೋಡೆಯಿದ್ದರೆ ಒಳಗಿನ ನೀರು ಹೊರಬರಲು ಕೊಳವೆ, ಕೊಳವೆಯ ಹಿಂದೆ ಜಲ್ಲಿ. ಜಲ್ಲಿ ಹಾಕದಿದ್ದರೆ ಎರಡು ಮಳೆಗಾಲಕ್ಕೆ ಮಣ್ಣು ತುಂಬಿ ಕೊಳವೆ ಕಟ್ಟುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ.

ಇದರ ಖರ್ಚು ನೋಡಿ. ಮೂವತ್ತು ಮೀಟರ್ ಎತ್ತರದ ಕಡಿತವನ್ನು ಹತ್ತಕ್ಕೆ ಒಂದರಂತೆ, ಅಂದರೆ ಹೆಚ್ಚುಕಡಿಮೆ ನೆಟ್ಟಗೆ ಕಡಿದರೆ ಮೇಲ್ತುದಿ ರಸ್ತೆಯಿಂದ ಮೂರು ಮೀಟರ್ ಹಿಂದೆ ಸರಿಯುತ್ತದೆ. ಒಂದಕ್ಕೆ ಒಂದರ ಇಳಿಜಾರು ಕೊಟ್ಟರೆ ಮೂವತ್ತು ಮೀಟರ್. ಗುಡ್ಡದ ನೆತ್ತಿ ಸಮತಟ್ಟು ಎಂದೇ ಹಿಡಿದರೂ, ರಸ್ತೆಯ ಒಂದು ಮೀಟರ್ ಉದ್ದಕ್ಕೆ ತೆಗೆಯಬೇಕಾದ ಮಣ್ಣು ಮೊದಲ ರೀತಿಯಲ್ಲಿ 45 ಘನ ಮೀಟರ್, ಎರಡನೆಯದರಲ್ಲಿ 450. ವ್ಯತ್ಯಾಸ 405 ಘನ ಮೀಟರ್. ಹತ್ತು ಘನ ಮೀಟರಿನ ಟಿಪ್ಪರ್ ಹಿಡಿದರೆ ಒಂದು ಮೀಟರ್ ರಸ್ತೆಗೆ ನಲವತ್ತು ಟ್ರಿಪ್ ಹೆಚ್ಚು. ಒಂದು ಕಿಲೋಮೀಟರಿಗೆ ಭೂಸ್ವಾಧೀನ ಮುಕ್ಕಾಲು ಎಕರೆಯಿಂದ ಏಳೂವರೆ ಎಕರೆಗೆ ಹತ್ತಿರ ಹೋಗುತ್ತದೆ. ನಮ್ಮ ಗುಡ್ಡಗಳು ಹಿಂದಕ್ಕೂ ಏರುತ್ತ ಹೋಗುವುದರಿಂದ ನಿಜದ ಅಂಕಿ ಇನ್ನೂ ದೊಡ್ಡದು. ಮೆಟ್ಟಿಲುಗಳಿಗೆ ಬೇಕಾದ ಅಗಲವನ್ನು ನಾನಿಲ್ಲಿ ಸೇರಿಸಿಯೇ ಇಲ್ಲ.

ರಸ್ತೆ ಮುಗಿಯಿತು ಎಂದು ಪತ್ರಿಕೆಯಲ್ಲಿ ಬರುವುದು ಕಿಲೋಮೀಟರಿನ ಲೆಕ್ಕದಲ್ಲಿ. ಇಳಿಜಾರು ಕೊಟ್ಟು ತೆಗೆದ ಮಣ್ಣು, ನೆತ್ತಿಯ ಚರಂಡಿ, ಜಲ್ಲಿ, ಕೊಳವೆ ಯಾವುದೂ ಕಿಲೋಮೀಟರನ್ನು ಉದ್ದ ಮಾಡುವುದಿಲ್ಲ. ಮಯೂನ ಕಂಬವೂ ಬಂಡಿಯನ್ನು ತುಂಬುತ್ತಿರಲಿಲ್ಲ. ಜೋಲಾ ಬರೆದು ನೂರನಲವತ್ತು ವರ್ಷವಾದ ಮೇಲೂ ಅಳತೆಗೋಲು ಬದಲಾಗಿಲ್ಲ ಎಂಬುದು ನನಗೆ ಸಂಕಟದ ವಿಷಯ.

ಗುಡ್ಡದ ಬುಡದಲ್ಲಿ ಮನೆ, ಅಂಗಡಿ ಇರುವವರು ಗಮನಿಸಬೇಕಾದ ಗುರುತುಗಳನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಕಡಿದ ಅಂಚಿಗೆ ಸಮಾನಾಂತರವಾಗಿ ನೆತ್ತಿಯಲ್ಲಿ ಬಿರುಕು ಕಾಣುವುದು, ಮರಗಳು ರಸ್ತೆಯ ಕಡೆಗೆ ವಾಲುವುದು, ಬುಡದಲ್ಲಿ ಹೊಸ ಒಸರು ಹುಟ್ಟುವುದು, ತಿಳಿಯಾಗಿ ಬರುತ್ತಿದ್ದ ಒಸರಿನ ನೀರು ಕದಡಿ ಬರುವುದು, ಅಥವಾ ಜೋರು ಮಳೆಯಲ್ಲೂ ಒಸರು ಥಟ್ಟನೆ ನಿಲ್ಲುವುದು. ಕೊನೆಯ ಎರಡು ಕಂಡರೆ ಸಾಮಾನು ತೆಗೆಯುತ್ತ ಕೂರಬಾರದು.

ಗೊತ್ತಿದ್ದವರು ಹೇಳಿದರೆ ಏನಾಗುತ್ತದೆ? ನಾರ್ವೆಯ ನಾಟಕಕಾರ ಇಬ್ಸೆನ್ 1882ರಲ್ಲಿ ‘ಆ್ಯನ್ ಎನಿಮಿ ಆಫ್ ದ ಪೀಪಲ್’ ಬರೆದದ್ದು ಅದನ್ನೇ. ಡಾಕ್ಟರ್ ಸ್ಟಾಕ್‌ಮನ್‌ನ ಊರಿಗೆ ಆರೋಗ್ಯಸ್ನಾನದ ಕೇಂದ್ರವೇ ಬದುಕು. ಹಿಂದಿನ ಬೇಸಿಗೆಯಲ್ಲಿ ಬಂದವರಿಗೆ ಜ್ವರ, ಹೊಟ್ಟೆಯ ಕಾಯಿಲೆ ಬಂದದ್ದನ್ನು ನೋಡಿ ಅವನು ನೀರನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುತ್ತಾನೆ. ಮೇಲಿನ ಕಣಿವೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳೆ ನೀರಿನಲ್ಲಿ ಸೇರುತ್ತಿದೆ. ನೀರು ತೆಗೆದುಕೊಳ್ಳುವ ಜಾಗವನ್ನು ಇನ್ನೂ ಮೇಲೆ ಇಡಬೇಕೆಂದು ಮೊದಲೇ ಹೇಳಿದ್ದ, ಕೇಳಿರಲಿಲ್ಲ. ಈಗ ಸರಿಪಡಿಸಲು ಒಂದೆರಡು ಲಕ್ಷ ಕ್ರೋನ, ಕನಿಷ್ಠ ಎರಡು ವರ್ಷ ಕೇಂದ್ರ ಮುಚ್ಚಬೇಕು. ಊರಿನ ಮೇಯರ್ ಡಾಕ್ಟರನ ಸ್ವಂತ ಅಣ್ಣ. ಅವನು ತಮ್ಮನ ಮುಂದೆ ಇಡುವುದು ಈ ಎರಡು ಅಂಕಿಗಳನ್ನು, ಜೊತೆಗೆ ಪಕ್ಕದ ಊರುಗಳು ನಮ್ಮ ಗಿರಾಕಿಗಳನ್ನು ಎಳೆದುಕೊಳ್ಳುತ್ತವೆ ಎಂಬ ಭಯವನ್ನು.

ಪತ್ರಿಕೆಯವರು ಮೊದಲು ಡಾಕ್ಟರನ ಜೊತೆಗಿರುತ್ತಾರೆ. ಮನೆಯೊಡೆಯರ ಸಂಘದ ಮುಖಂಡ, ಮುದ್ರಕ ಅಸ್ಲಾಕ್ಸೆನ್ ಕೂಡ. ಖರ್ಚನ್ನು ಕೇಂದ್ರದ ಪಾಲುದಾರರು ಕೊಡುವುದಿಲ್ಲ, ಊರು ಸಾಲ ಎತ್ತಿ ತೆರಿಗೆಯಿಂದ ಕೊಡಬೇಕು ಎಂದು ಮೇಯರ್ ಹೇಳಿದ ಕ್ಷಣ ಎಲ್ಲರೂ ಆ ಕಡೆ. ಸಾರ್ವಜನಿಕ ಸಭೆಯಲ್ಲಿ ಡಾಕ್ಟರನನ್ನು ಜನರ ಶತ್ರು ಎಂದು ಮತ ಹಾಕಿ ಸಾರುತ್ತಾರೆ.

ಕಾರವಾರ, ಶಿರಸಿ ಕಡೆಯ ಹವ್ಯಾಸಿ ತಂಡಗಳು ಈ ನಾಟಕ ಎತ್ತಿಕೊಂಡರೆ ಎರಡು ಎಚ್ಚರ ಬೇಕು. ಮೇಯರನನ್ನು ಮೀಸೆ ತಿರುವುವ ಖಳನಾಗಿ ಆಡಿಸಬಾರದು. ಅವನು ಹೇಳುವ ಅಂಕಿಗಳು ನಿಜವಾದವು, ಪ್ರೇಕ್ಷಕರಲ್ಲಿ ಅರ್ಧ ಜನ ಅವನಿಗೆ ಮನಸ್ಸಿನಲ್ಲೇ ತಲೆದೂಗಬೇಕು, ಹಾಗೆ ತಲೆದೂಗಿದ್ದಕ್ಕೆ ಆಮೇಲೆ ಬೆಚ್ಚಬೇಕು. ಎರಡನೆಯದು, ಹೊತ್ತಾಯಿತೆಂದು ಐದನೇ ಅಂಕದ ಮಾರ್ಟನ್ ಕೀಲ್‌ನ ದೃಶ್ಯ ಕತ್ತರಿಸಬಾರದು. ಕೀಲ್ ಡಾಕ್ಟರನ ಹೆಂಡತಿಯ ಸಾಕುತಂದೆ, ಚರ್ಮದ ಕಾರ್ಖಾನೆಯ ಯಜಮಾನ. ಕೇಂದ್ರದ ಹೆಸರು ಕೆಟ್ಟು ಪಾಲಿನ ಬೆಲೆ ಬಿದ್ದಾಗ ಅವನು, ಡಾಕ್ಟರನ ಹೆಂಡತಿ ಮಕ್ಕಳಿಗೆಂದು ಇಟ್ಟಿದ್ದ ಹಣದಿಂದಲೇ ಪಾಲುಗಳನ್ನೆಲ್ಲ ಕೊಂಡುಬಿಡುತ್ತಾನೆ. ನೀರು ಕೆಟ್ಟಿದೆ ಎಂದು ಡಾಕ್ಟರ್ ಹಟ ಹಿಡಿದರೆ ಹೋಗುವುದು ಅವನದೇ ಮಕ್ಕಳ ದುಡ್ಡು. ಆರ್ಥಿಕ ಲಾಭ ಸತ್ಯದ ಕೈಯನ್ನು ಯಾವ ಹಗ್ಗದಿಂದ ಕಟ್ಟುತ್ತದೆ ಎಂಬುದು ಈ ಹತ್ತು ನಿಮಿಷದಲ್ಲಿದೆ. ಅದನ್ನು ತೆಗೆದರೆ ಉಳಿಯುವುದು ಭಾಷಣ.

ಆರ್ಥರ್ ಮಿಲ್ಲರ್‌ನ ‘ಆಲ್ ಮೈ ಸನ್ಸ್’ (1947) ನಾಟಕವನ್ನು ಒಂದು ಸಣ್ಣ ವಿವರಕ್ಕಾಗಿ ನೆನಪಿಡಬೇಕು. ಯುದ್ಧವಿಮಾನದ ಬಿರುಕು ಬಿಟ್ಟ ಸಿಲಿಂಡರ್ ಹೆಡ್‌ಗಳನ್ನು ಕಾರ್ಖಾನೆಯ ಯಜಮಾನ ಜೋ ಕೆಲ್ಲರ್ ಸೈನ್ಯಕ್ಕೆ ಕಳಿಸುತ್ತಾನೆ, 21 ಪೈಲಟ್‌ಗಳು ಸಾಯುತ್ತಾರೆ. ಕಳಿಸು ಎಂದು ಅವನು ಪಾಲುದಾರನಿಗೆ ಹೇಳಿದ್ದು ಫೋನಿನಲ್ಲಿ, ತನಗೆ ಮೈ ಸರಿಯಿಲ್ಲ ಎಂದು ಮನೆಯಲ್ಲಿ ಮಲಗಿಕೊಂಡು. ಕಾಗದದ ಮೇಲೆ ಒಂದಕ್ಷರವೂ ಇಲ್ಲದ್ದರಿಂದ ಜೈಲಿಗೆ ಹೋಗುವವನು ಪಾಲುದಾರ. ಭಾಗೀರಥಿಯ ಬಂಗಾರದ ಬಟ್ಟಲೂ ಜೋನ ಫೋನೂ ಮಾಡುವ ಕೆಲಸ ಒಂದೇ.

ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಓಮೆಲಾಸ್ ಊರಿನ ಕಥೆಯನ್ನು ಈ ಮಾತು ಬಂದಾಗಲೆಲ್ಲ ಉದಾಹರಿಸುತ್ತಾರೆ. ಊರಿನ ಸುಖವೆಲ್ಲ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಿಕೆಯ ಮೇಲೆ ನಿಂತಿದೆ, ಎಂಟರಿಂದ ಹನ್ನೆರಡರ ವಯಸ್ಸಿನಲ್ಲಿ ಊರಿನ ಮಕ್ಕಳಿಗೆ ಅದನ್ನು ತಿಳಿಸುತ್ತಾರೆ, ಕೆಲವರು ಊರು ಬಿಟ್ಟು ನಡೆಯುತ್ತಾರೆ. ಒಳ್ಳೆಯ ಕಥೆ. ಆದರೂ ನನಗೆ ಅದು ಅರ್ಧವೇ ಹೇಳಿತು ಅನಿಸುತ್ತದೆ. ನಮ್ಮ ಊರುಗಳಲ್ಲಿ ನೆಲಮಾಳಿಗೆಯ ಬಾಗಿಲನ್ನು ಯಾರೂ ತೆರೆದು ತೋರಿಸುವುದಿಲ್ಲ. ಬೆಳಕು ಉರಿಯುವುದು ಇಲ್ಲಿ, ಮುಳುಗುವುದು ಇನ್ನೆಲ್ಲೋ.

ಈ ದೂರವನ್ನು ಹಿಡಿದವರು ರವೀಂದ್ರನಾಥ ಠಾಕೂರರು. ಕಾರವಾರದವರಿಗೆ ಅವರು ಹೊರಗಿನವರಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದು, ಕಾಳಿ ಹೊಳೆಯಲ್ಲಿ ದೋಣಿಯಲ್ಲಿ ಹೋಗಿ, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಇಲ್ಲೇ ಬರೆದರು. ಕಡಲತೀರಕ್ಕೆ ಅವರ ಹೆಸರಿದೆ. ಸುಮಾರು ನಾಲ್ಕು ದಶಕದ ನಂತರ, 1922ರಲ್ಲಿ, ‘ಮುಕ್ತಧಾರಾ’ ಬಂತು. ಉತ್ತರಕೂಟದ ಯಂತ್ರರಾಜ ವಿಭೂತಿ ಜಲಧಾರೆಗೆ ಅಡ್ಡಲಾಗಿ ಕಬ್ಬಿಣದ ಅಣೆ ಕಟ್ಟುತ್ತಾನೆ. ಕೆಳಗಿನ ಶಿವತರಾಯಿಯ ಜನರ ನೀರು ನಿಲ್ಲಿಸಿ ಅವರನ್ನು ಬಗ್ಗಿಸುವುದು ಉದ್ದೇಶ. ಕೂಲಿಗಳು ಸಾಲದಾದಾಗ ಮನೆಮನೆಯಿಂದ ಹದಿನೆಂಟು ದಾಟಿದ ಹುಡುಗರನ್ನು ರಾಜಾಜ್ಞೆಯ ಮೇಲೆ ಹಿಡಿದು ತಂದಿದ್ದಾರೆ, ಬಹಳ ಮಂದಿ ಮರಳಿಲ್ಲ. ಯಾವ ರೈತನ ಯಾವ ಮೆಕ್ಕೆಜೋಳದ ಹೊಲ ಒಣಗುತ್ತದೆ ಎಂದು ಯೋಚಿಸಲು ತನಗೆ ಸಮಯವಿರಲಿಲ್ಲ ಎಂದು ವಿಭೂತಿ ಹೇಳುತ್ತಾನೆ. ಅಣೆಯ ಉದ್ಘಾಟನೆಯ ಹಬ್ಬದ ನಡುವೆ ಅಂಬಾ ಎಂಬ ತಾಯಿ ನನ್ನ ಸುಮನ ಎಲ್ಲಿ ಎಂದು ಸಿಕ್ಕವರನ್ನೆಲ್ಲ ಕೇಳುತ್ತ ತಿರುಗುತ್ತಾಳೆ. ಅಣೆಯ ಎತ್ತರ ಎಲ್ಲರಿಗೂ ಗೊತ್ತು, ಅವಳ ಮಗನ ಸುದ್ದಿ ಯಾರಿಗೂ ಗೊತ್ತಿಲ್ಲ.

ಠಾಕೂರರದೇ ಇನ್ನೊಂದು ನಾಟಕ ‘ರಕ್ತಕರಬಿ’ಯ ಯಕ್ಷಪುರಿಯಲ್ಲಿ ಚಿನ್ನ ಅಗೆಯುವವರಿಗೆ ಹೆಸರೂ ಉಳಿದಿಲ್ಲ. ಒಬ್ಬ 47ಫ, ಒಬ್ಬ 69ಙ. ಬಟ್ಟೆಯ ಮೇಲೆ ಅಂಕಿ. ಹೆಸರಿದ್ದರೆ ಅವನಿಗೊಂದು ಊರು, ಮನೆ, ಕಾಯುವವರು ಇದ್ದಾರೆ ಎಂದು ನೆನಪಾಗುತ್ತದೆ, ಅಂಕಿಯನ್ನು ಹೊಡೆದುಹಾಕಿ ಮುಂದಿನದನ್ನು ಬರೆಯಬಹುದು.

ಕಾಳಿಯ ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಸೂಪಾ ಎಂಬ ಪೇಟೆ ಪೂರ್ತಿ ನೀರಿನಡಿ ಹೋಯಿತು. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾದ ಕಡಲ ದಂಡೆಯ ಊರುಗಳು ಒಕ್ಕಲೆದ್ದವು, ಪರಿಹಾರದ ವ್ಯಾಜ್ಯ ದಶಕಗಟ್ಟಲೆ ನಡೆಯಿತು. ದೇಶಕ್ಕೆ ವಿದ್ಯುತ್ತು ಬೇಡ, ನೌಕಾಪಡೆ ಬೇಡ ಎನ್ನುವವರು ಇಲ್ಲಿ ಯಾರೂ ಇಲ್ಲ. ಅಂಬಾ ಕೇಳಿದಂಥ ಪ್ರಶ್ನೆಗೆ ಉತ್ತರ ಕೊಡುವ ಒಂದು ಮೇಜು ಎಲ್ಲಿದೆ ಎಂಬುದಷ್ಟೇ ಕೇಳುತ್ತಿರುವುದು. ಎಷ್ಟು ಎಕರೆ, ಎಷ್ಟು ಮೆಗಾವ್ಯಾಟ್ ಎಂಬುದಕ್ಕೆ ದಾಖಲೆ ಸಿಗುತ್ತದೆ. ಹೊಳೆಯ ದಂಡೆಯ ಗದ್ದೆ ಬಿಟ್ಟು ಹೋದವರು ಹೊಸ ಜಾಗದಲ್ಲಿ ಏನು ಬೆಳೆದರು, ಮೀನು ಹಿಡಿಯುತ್ತಿದ್ದವರ ಮಕ್ಕಳು ಯಾವ ಕೆಲಸಕ್ಕೆ ಹೋದರು ಎಂಬುದನ್ನು ಯೋಜನೆಯ ವರದಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಇಂಥ ಯೋಜನೆಯೇ ಬೇಕಾಗಲಿಲ್ಲ, ಒಂದು ಸಣ್ಣ ಸಾಲ ಸಾಕಾಯಿತು. ಅದನ್ನು ತೀರಿಸಲು ಚೋಮ ಇಬ್ಬರು ಗಂಡುಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸುತ್ತಾನೆ. ಒಬ್ಬ ಕೈತಪ್ಪಿ ಹೋಗುತ್ತಾನೆ. ಇನ್ನೊಬ್ಬ, ಚನಿಯ, ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಸಾಲ ಮಾತ್ರ ಹಾಗೇ ಇದೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ಹರಿಯುತ್ತದೆ, ಹೇಗೆ ಹರಿಯಿತು ಎಂಬುದು ತೋಟದ ಲೆಕ್ಕಪುಸ್ತಕದಲ್ಲಿ ಇರಲು ಸಾಧ್ಯವಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಘಟ್ಟದ ಮೇಲಿನ ಅಡಿಕೆ ತೋಟವನ್ನು ಬಿಟ್ಟು ಬರೆದರೆ ಅದು ನ್ಯಾಯವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಮಳೆಗಾಲದ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯಲೇಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ನಲವತ್ತು ನಲವತ್ತೈದು ದಿನದ ನಂತರ ಇನ್ನೊಮ್ಮೆ, ಮಳೆ ಬಿಡದಿದ್ದರೆ ಮತ್ತೂ ಒಮ್ಮೆ. ಹೊಡೆದ ಮದ್ದು ಕಾಯಿಯ ಮೇಲೆ ಒಣಗಬೇಕು, ಹಾಗಾಗಿ ಮಳೆ ಹೊಳವಾದ ದಿನವೇ ಕೆಲಸ. ಊರಿಗೆಲ್ಲ ಹೊಳವು ಒಂದೇ ದಿನ, ಎಲ್ಲ ತೋಟದವರಿಗೂ ಮರ ಹತ್ತುವ ಕೊನೆಗೌಡ ಬೇಕಾಗುವುದು ಅದೇ ದಿನ. ಮರದ ಮೈ ಹಾವಸೆಗಟ್ಟಿ ಜಾರುತ್ತಿರುತ್ತದೆ. ಐವತ್ತು ಅರವತ್ತು ಅಡಿ ಎತ್ತರದಲ್ಲಿ, ಕಾಲಿಗೆ ತಳೆ ಹಾಕಿಕೊಂಡ ಮನುಷ್ಯ ಇಳಿದು ಹತ್ತುವ ಹೊತ್ತು ಉಳಿಸಲು ಮರದಿಂದ ಮರಕ್ಕೆ ತೂಗಿ ದಾಟುತ್ತಾನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಪ್ರತಿ ಮರದಲ್ಲೂ ಬಿಚ್ಚಬೇಕು, ಕಟ್ಟಬೇಕು. ಮುಗಿಯುವ ಮರಗಳ ಸಂಖ್ಯೆ ಕಡಿಮೆಯಾಗುತ್ತದೆ. ಯಾರೂ ಹಗ್ಗ ಬೇಡ ಎಂದು ಹೇಳಿಲ್ಲ. ಹಗ್ಗ ಕಟ್ಟುವ ಹೊತ್ತಿಗೆ ದುಡ್ಡಿಲ್ಲ ಅಷ್ಟೇ. ಬಿದ್ದವರಲ್ಲಿ ಬೆನ್ನುಹುರಿ ಮುರಿದು ಹಾಸಿಗೆ ಹಿಡಿದವರಿದ್ದಾರೆ. ಅಡಿಕೆಯ ಉತ್ಪಾದನಾ ವೆಚ್ಚ ಬರೆಯುವಾಗ ಮೈಲುತುತ್ತದ ಕಿಲೋ ದರ ಇರುತ್ತದೆ, ಆ ಹಾಸಿಗೆಯ ಖರ್ಚು ಇರುವುದಿಲ್ಲ.

ಈಗ ನೆಲದ ಮೇಲೆ ನಿಂತೇ ಮದ್ದು ಹೊಡೆಯುವ, ಅಡಿಕೆ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಬಹಳ ತೋಟಗಳಲ್ಲಿ ಬಳಕೆಯಲ್ಲಿದೆ. ಒಳ್ಳೆಯದೇ ಆಯಿತು. ಆದರೆ ಅದು ಇಷ್ಟು ಬೇಗ ಹರಡಿದ್ದು ಮರ ಹತ್ತುವವರು ಸಿಗದೆ ಕೂಲಿ ಏರಿದ್ದರಿಂದ ಎಂದೇ ನಾನು ತಿಳಿದಿರುವುದು. ಜನ ಬೀಳುತ್ತಿದ್ದದ್ದು ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ.

ದೋಟಿ ಎಟುಕದ ಹಳೆಯ ಎತ್ತರದ ಮರಗಳು, ಇಳಿಜಾರಿನ ತೋಟಗಳು ಇನ್ನೂ ಇವೆ, ಅಲ್ಲಿ ಹತ್ತಲೇಬೇಕು. ಮಳೆಗಾಲಕ್ಕೆ ಮುಂಚೆ ಕೂಲಿ ಮಾತಾಡುವಾಗ ಮರದ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಮಾತಾಡಬೇಕು, ಹಗ್ಗ ಕಟ್ಟಿ ಬಿಚ್ಚುವುದಕ್ಕೆ ಹೋಗುವ ಹೊತ್ತು ಆ ದಿನದೊಳಗೇ ಸೇರಬೇಕು. ಹಗ್ಗ, ಬೆಲ್ಟು ತೋಟದವರ ಖರ್ಚಾಗಬೇಕು, ಹತ್ತುವವರ ಹೆಸರಿನಲ್ಲಿ ಅಪಘಾತ ವಿಮೆ ಕಟ್ಟಬೇಕು, ಆ ಎರಡು ಬಾಬ್ತುಗಳನ್ನು ಮೈಲುತುತ್ತ, ಸುಣ್ಣದ ಕೆಳಗೇ ಬರೆಯಬೇಕು. ಹೊಳವಿನ ದಿನ ಎಲ್ಲರೂ ಒಬ್ಬನನ್ನೇ ಎಳೆದಾಡುವ ಬದಲು ಕೇರಿಯ ನಾಲ್ಕೈದು ತೋಟದವರು ಸೇರಿ ಮೊದಲೇ ಸರದಿ ಹಾಕಿಕೊಂಡರೆ ಓಟ ಕಡಿಮೆಯಾಗುತ್ತದೆ. ಸರದಿಯಲ್ಲಿ ಕೊನೆಗೆ ಬಂದ ತೋಟಕ್ಕೆ ಸ್ವಲ್ಪ ಕೊಳೆ ತಾಗೀತು. ಆ ನಷ್ಟವನ್ನು ಸೇರಿದ ತೋಟದವರೆಲ್ಲ ಹಂಚಿಕೊಳ್ಳುವುದೆಂದು ಮಳೆ ಹಿಡಿಯುವ ಮೊದಲೇ ಮಾತಾಡಿಕೊಂಡಿರಬೇಕು.